ಹಬ್ಬ-ರಜೆಯ ವಾರಗಳಲ್ಲಿ ಕೃತಜ್ಞತೆಯ ಬರವಣಿಗೆ: ಎಷ್ಟು, ಹೇಗೆ, ಯಾವಾಗ ನಿಲ್ಲಿಸಬೇಕು?

ನೀಲಿಶಾಯಿ

ಹಬ್ಬ, ರಜೆ, ನೆಂಟರು, ಪ್ರಯಾಣ ಎಲ್ಲ ಒಟ್ಟೊಟ್ಟಿಗೆ ಬರುವ ಮೂರು-ನಾಲ್ಕು ವಾರಗಳಿಗೆ ಕೃತಜ್ಞತೆಯ ಒಂದು ಅಭ್ಯಾಸ ಇಟ್ಟುಕೊಳ್ಳಬೇಕು ಅಂದರೆ ಹೇಗೆ ಶುರು ಮಾಡುವುದು? "ದಿನಾ ಹತ್ತು ವಿಷಯ ಬರೆಯಿರಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತೆ. ಏಕೆ ಹತ್ತು, ಏನು ಬರೆಯಬೇಕು, ವಾರದೊಳಗೆ ಏಕೆ ಸಪ್ಪೆಯಾಗುತ್ತೆ ಅಂತ ಯಾರೂ ಹೇಳುವುದಿಲ್ಲ. ಇದೇ ದಿನಗಳಲ್ಲಿ ನಿದ್ದೆ, ಹೊಟ್ಟೆ ಎರಡೂ ಕೆಡುವುದರಿಂದ ಅದರ ಬಗ್ಗೆಯೂ ತಿಳಿದವರು ಬರೆಯಿರಿ. ಮಕ್ಕಳಿರುವ ಮನೆ, ಈ ವರ್ಷ ಯಾರನ್ನೋ ಕಳೆದುಕೊಂಡ ಮನೆ, ಇಬ್ಬರಿಗೂ ಒಂದೇ ವಿಧಾನ ಸರಿಹೋಗುತ್ತದೆಯೇ? ಅನುಭವದ ಕಥೆಗಳಿಗಿಂತ ಮಾಡುವ ಕ್ರಮ ಹೇಳಿದರೆ ಎಲ್ಲರಿಗೂ ಅನುಕೂಲ.

ಮನೋವಿಚಾರ

ಹತ್ತು ಅನ್ನುವ ಸಂಖ್ಯೆಗೆ ಯಾವ ಆಧಾರವೂ ಇಲ್ಲ. ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಅಧ್ಯಯನ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ್ದು. ಅದರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಹತ್ತು ವಾರ, ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಐದು ವಿಷಯ ಬರೆದರು. ಇನ್ನೊಂದು ಗುಂಪು ಆ ವಾರದ ಕಿರಿಕಿರಿಗಳನ್ನು ಬರೆಯಿತು, ಮೂರನೆಯದು ನಡೆದ ಸಂಗತಿಗಳನ್ನು ಬರೆಯಿತು. ಕೃತಜ್ಞತೆ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಸಮಾಧಾನ ಹೆಚ್ಚಿತ್ತು, ಮೈಕೈ ನೋವು-ತಲೆನೋವಿನಂಥ ದೂರುಗಳು ಕಡಿಮೆ ಇದ್ದವು. ವ್ಯಾಯಾಮಕ್ಕೂ ಹೆಚ್ಚು ಹೊತ್ತು ಕೊಟ್ಟಿದ್ದರು.

ಆಮೇಲೆ ಸೋನ್ಯಾ ಲ್ಯೂಬೊಮಿರ್‌ಸ್ಕಿ ಅವರ ತಂಡ ವಾರಕ್ಕೊಮ್ಮೆ ಬರೆಯುವವರನ್ನೂ ಮೂರು ಸಲ ಬರೆಯುವವರನ್ನೂ ಆರು ವಾರ ಹೋಲಿಸಿತು. ಪ್ರಯೋಜನ ಕಂಡದ್ದು ವಾರಕ್ಕೊಮ್ಮೆ ಬರೆದವರಲ್ಲಿ. ನೀವು ಕೇಳಿದ "ಸಪ್ಪೆಯಾಗುವುದು" ಇದೇ. ಪದೇಪದೇ ಬರೆದರೆ ಕೈ ತಾನಾಗಿ ಅದೇ ಮೂರು ಹೆಸರು ಬರೆಯುತ್ತೆ, ಮನಸ್ಸು ಅಲ್ಲಿರುವುದಿಲ್ಲ.

ಇನ್ನು ಏನು ಬರೆಯಬೇಕು ಅನ್ನುವುದು. "ಮನೆಯವರು, ಆರೋಗ್ಯ, ಗೆಳೆಯರು" ಅಂತ ಬರೆದರೆ ಅದು ಪಟ್ಟಿ ಅಷ್ಟೇ. ಒಂದು ವಿಷಯಕ್ಕೆ ಮೂರು ವಾಕ್ಯ ಬೇಕು: ಏನಾಯಿತು; ಅದಕ್ಕಾಗಿ ಯಾರು ಏನು ಬಿಟ್ಟುಕೊಟ್ಟರು; ಅದು ಆಗದಿದ್ದರೆ ನನ್ನ ದಿನ ಹೇಗಿರುತ್ತಿತ್ತು. ಉದಾಹರಣೆಗೆ:

"ಮಧ್ಯಾಹ್ನ ನೆಂಟರೆಲ್ಲ ಊಟ ಮುಗಿಸಿದ ಮೇಲೆ ಅತ್ತಿಗೆ ತಾವಾಗಿಯೇ ಪಾತ್ರೆ ತೊಳೆಯಲು ನಿಂತರು. ಅವರಿಗೆ ಸಂಜೆ ಬಸ್ಸಿತ್ತು, ಬ್ಯಾಗು ಇನ್ನೂ ತುಂಬಿಕೊಂಡಿರಲಿಲ್ಲ. ಅವರು ನಿಲ್ಲದಿದ್ದರೆ ನಾನು ಅರ್ಧ ಗಂಟೆಯೂ ಬೆನ್ನು ಚಾಚುವ ಹಾಗಿರಲಿಲ್ಲ."

ಎರಡನೇ ವಾಕ್ಯವೇ ಮುಖ್ಯ. ಎದುರಿನವರಿಗೆ ಬಿದ್ದ ಶ್ರಮ ಕಣ್ಣಿಗೆ ಕಂಡಾಗ ಮಾತ್ರ ಕೃತಜ್ಞತೆ ಒಳಗಿನಿಂದ ಬರುತ್ತದೆ. ಮೂರನೆಯದಕ್ಕೂ ಆಧಾರವಿದೆ. ಒಳ್ಳೆಯ ಸಂಗತಿಯೊಂದು ಹೇಗೆ ನಡೆಯಿತು ಅಂತ ನೆನೆಯುವುದಕ್ಕಿಂತ ಅದು ನಡೆಯದೆಯೇ ಹೋಗಬಹುದಿತ್ತು ಅಂತ ಬರೆದವರಿಗೆ ಮನಸ್ಸು ಹೆಚ್ಚು ಹಗುರಾದದ್ದನ್ನು 2008ರ ಒಂದು ಅಧ್ಯಯನ ತೋರಿಸಿದೆ. ನಮಗೆ ಒಗ್ಗಿಹೋದ ಸುಖ ಮತ್ತೆ ಕಣ್ಣಿಗೆ ಬೀಳುವ ದಾರಿ ಅದು.

ತಾಳೆಗರಿ

ವಾರಕ್ಕೊಮ್ಮೆ ಅಂದರೆ ಮೂರು ವಾರದ ರಜೆಯಲ್ಲಿ ಮೂರೇ ಸಲ ಆಯಿತಲ್ಲ, ಸ್ವಾಮಿ. ಅಷ್ಟರಲ್ಲಿ ಅಭ್ಯಾಸ ಕೂರುವುದಿಲ್ಲ. ಮಾರ್ಟಿನ್ ಸೆಲಿಗ್‌ಮನ್ ತಂಡ 2005ರಲ್ಲಿ ಮಾಡಿಸಿದ್ದು ದಿನಾ ರಾತ್ರಿ, ಒಂದು ವಾರ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ. ಪ್ರತಿಯೊಂದರ ಪಕ್ಕ "ಇದು ಏಕೆ ಹೀಗಾಯಿತು" ಅಂತ ಕಾರಣವನ್ನೂ ಬರೆಯಬೇಕಿತ್ತು. ಅದರ ಪರಿಣಾಮ ಆರು ತಿಂಗಳವರೆಗೂ ಕಂಡಿತ್ತು. ಹಾಗಾಗಿ ದಿನಾ ಬರೆದರೆ ಸಪ್ಪೆ ಅನ್ನುವುದನ್ನು ಸಾರಾಸಗಟಾಗಿ ಒಪ್ಪುವುದಕ್ಕಾಗುವುದಿಲ್ಲ.

ಮನೋವಿಚಾರ

ನೀವು ಹೇಳಿದ್ದು ಸರಿ, ತಾಳೆಗರಿ ಅವರೇ. ಎರಡೂ ಹೊಂದುತ್ತವೆ. ಸೆಲಿಗ್‌ಮನ್ ಅವರ ಪ್ರಯೋಗದಲ್ಲಿ ದಿನನಿತ್ಯದ ಕೆಲಸ ಇದ್ದದ್ದು ಏಳೇ ದಿನ. ಆರು ತಿಂಗಳ ಲಾಭ ಹೆಚ್ಚಾಗಿ ಕಂಡದ್ದು ಆ ವಾರ ಕಳೆದ ಮೇಲೂ ತಾವಾಗಿ ಮುಂದುವರಿಸಿದವರಲ್ಲಿ. ಅಲ್ಲಿ "ಏಕೆ" ಅನ್ನುವ ಪ್ರಶ್ನೆ ಪ್ರತಿ ದಿನ ಹೊಸ ಉತ್ತರ ಕೇಳುತ್ತೆ, ಹಾಗಾಗಿ ಯಾಂತ್ರಿಕವಾಗುವುದು ನಿಧಾನ.

ನನ್ನ ಸಲಹೆ: ರಜೆಯ ಮೊದಲ ಏಳು ದಿನ ರಾತ್ರಿ ಮೂರು ಸಂಗತಿ ಮತ್ತು ಕಾರಣ, ಐದರಿಂದ ಹತ್ತು ನಿಮಿಷ. ಎಂಟನೇ ದಿನದಿಂದ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ, ಆದರೆ ಒಂದೇ ವಿಷಯ, ಮೇಲೆ ಹೇಳಿದ ಮೂರು ವಾಕ್ಯದಲ್ಲಿ. ಹಿಂದಿನ ಪುಟದಲ್ಲಿ ಬಂದ ವ್ಯಕ್ತಿ ಈ ಸಲ ಬೇಡ ಅನ್ನುವ ಒಂದು ನಿಯಮ ಹಾಕಿಕೊಳ್ಳಿ. ಆಗ ಹುಡುಕಾಟ ಮನೆಯಿಂದಾಚೆಗೂ ಹೋಗುತ್ತೆ. ನಿಮ್ಮ ಪೆಟ್ಟಿಗೆ ಮೇಲಿಟ್ಟುಕೊಟ್ಟ ಸಹಪ್ರಯಾಣಿಕ, ರಜೆಯ ದಿನವೂ ಬಾಗಿಲು ತೆರೆದಿಟ್ಟ ಔಷಧಿ ಅಂಗಡಿಯವರು.

ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಬರೆಯಬೇಡಿ. ತಪ್ಪಿದ ಪುಟ ಖಾಲಿಯೇ ಇರಲಿ. ಬಾಕಿ ತೀರಿಸುವ ಲೆಕ್ಕಕ್ಕೆ ಇಳಿದರೆ ನಾಲ್ಕನೇ ದಿನ ಪುಸ್ತಕ ಮೂಲೆ ಸೇರುತ್ತೆ.

ಹಳೇಅಂಚೆ

ಬರೆದಿಟ್ಟುಕೊಳ್ಳುವುದಕ್ಕಿಂತ ಬರೆದು ಕೊಡುವುದಕ್ಕೆ ನನ್ನ ಮತ. 2005ರ ಅದೇ ಪ್ರಯೋಗದಲ್ಲಿ ಒಂದು ಗುಂಪು, ತಾವು ಎಂದೂ ಸರಿಯಾಗಿ ವಂದನೆ ಹೇಳದ ಒಬ್ಬರಿಗೆ ಪತ್ರ ಬರೆದು ಕೈಯಾರೆ ಒಪ್ಪಿಸಿತ್ತು. ಎಲ್ಲ ಗುಂಪುಗಳ ಪೈಕಿ ತಕ್ಷಣದ ಬದಲಾವಣೆ ಅತಿ ಹೆಚ್ಚು ಕಂಡದ್ದು ಇಲ್ಲೇ. ಆದರೆ ಅದು ಒಂದು ತಿಂಗಳು ಉಳಿಯಿತು, ಮೂರು ತಿಂಗಳಿಗೆ ಇಳಿದುಹೋಗಿತ್ತು. ಅಂದರೆ ಒಂದು ಪತ್ರದಲ್ಲಿ ವರ್ಷ ಕಳೆಯುವ ಹಾಗಿಲ್ಲ, ಆಗಾಗ ಬರೆಯುತ್ತಿರಬೇಕು.

ಪತ್ರ ಬರೆಯುವ ಕ್ರಮ:

ಯಾರಿಗೆ ಅನ್ನುವುದನ್ನು ಮೊದಲು ತೀರ್ಮಾನಿಸಿ. ದಿನಾ ನೋಡುವವರಿಗಿಂತ ಹಿಂದೆ ಯಾವಾಗಲೋ ಕೈಹಿಡಿದು ಈಗ ದೂರವಿರುವವರು ಸುಲಭ. ಹಬ್ಬದ ನೆಪದಲ್ಲಿ ಪತ್ರ ಹೋದರೆ ಅವರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹದಿನೈದು ನಿಮಿಷ ಸಾಕು, ಸುಮಾರು 200ರಿಂದ 300 ಪದ.

ಮೊದಲ ಭಾಗದಲ್ಲಿ ಒಂದೇ ಘಟನೆ, ಅದೂ ಹತ್ತಿರದಿಂದ. "ನೀವು ನನಗೆ ತುಂಬಾ ಸಹಾಯ ಮಾಡಿದ್ದೀರಿ" ಅಂದರೆ ಓದುವವರಿಗೆ ಏನೂ ಕಾಣುವುದಿಲ್ಲ. "ಪರೀಕ್ಷೆಯ ಹಿಂದಿನ ರಾತ್ರಿ ನೀವು ಕೂತು ತಪ್ಪಿದ ಲೆಕ್ಕಗಳನ್ನೆಲ್ಲ ಮತ್ತೆ ಬಿಡಿಸಿ ತೋರಿಸಿದಿರಿ; ಬೆಳಿಗ್ಗೆ ಐದಕ್ಕೆ ನಿಮಗೆ ಕೆಲಸಕ್ಕೆ ಹೊರಡುವುದಿತ್ತು" ಅಂದರೆ ಆ ರಾತ್ರಿ ಅವರ ಕಣ್ಮುಂದೆ ಬರುತ್ತೆ. ಎರಡನೆಯದು, ಅದರಿಂದ ನಿಮ್ಮ ಬದುಕಿನಲ್ಲಿ ಏನಾಯಿತು, ಈಗಲೂ ಏನು ಉಳಿದಿದೆ. ಮೂರನೆಯದು, ಅವರ ಯಾವ ಗುಣ ಅದರಲ್ಲಿ ಕಂಡಿತು. ಈ ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. "ನನಗೆ ಎಷ್ಟು ಅನುಕೂಲವಾಯಿತು" ಎಂದು ಹೇಳುವ ವಂದನೆಗಿಂತ "ನೀವು ಎಂಥ ತಾಳ್ಮೆಯವರು" ಎಂದು ಹೇಳುವ ವಂದನೆ ಸಂಬಂಧವನ್ನು ಹೆಚ್ಚು ಹತ್ತಿರ ತರುತ್ತದೆ ಅನ್ನುವುದು ಸಾರಾ ಆಲ್ಗೊ ಅವರ ತಂಡ ಜೋಡಿಗಳನ್ನು ಗಮನಿಸಿ ಕಂಡುಕೊಂಡದ್ದು.

ಪತ್ರ ಕೆಡುವುದು ಮೂರು ಕಾರಣಕ್ಕೆ. ಹಳೇ ಜಗಳದ ಕ್ಷಮಾಪಣೆಯನ್ನೂ ಅದರಲ್ಲೇ ತುರುಕುವುದು ಒಂದು. ಅದಕ್ಕೆ ಬೇರೆ ಪತ್ರ ಬೇಕು. ಕೊನೆಯಲ್ಲಿ ಒಂದು ಕೋರಿಕೆ ಇಡುವುದು ಇನ್ನೊಂದು. ಆಗ ಇಡೀ ಪತ್ರ ಅದಕ್ಕೆ ಪೀಠಿಕೆ ಅನ್ನಿಸುತ್ತೆ. ಮೂರನೆಯದು "ಈ ಋಣ ಹೇಗೆ ತೀರಿಸಲಿ" ಅಂತ ಕೊರಗುವುದು. ಕೊಟ್ಟವರು ಏನನ್ನೋ ಹಿಂದಕ್ಕೆ ನಿರೀಕ್ಷಿಸುತ್ತಿದ್ದಾರೆ ಅನ್ನಿಸಿದಷ್ಟೂ ಋಣದ ಭಾರ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ ಅಂತ 2006ರಲ್ಲೇ ಫಿಲಿಪ್ ವಾಟ್ಕಿನ್ಸ್ ಮತ್ತಿತರರು ತೋರಿಸಿದ್ದಾರೆ. ಹಬ್ಬದ ಉಡುಗೊರೆಗಳಲ್ಲೂ ಇದೇ ಆಗುತ್ತೆ: "ಅವರು ಇಷ್ಟು ಬೆಲೆಯದು ಕೊಟ್ಟರು, ನಾವೂ ಅಷ್ಟೇ ಕೊಡಬೇಕು" ಅಂತ ಲೆಕ್ಕ ಶುರುವಾದ ಕ್ಷಣ ವಂದನೆ ಹೋಗಿ ವ್ಯವಹಾರ ಉಳಿಯುತ್ತದೆ.

ಕೊಡಲು ಹಿಂಜರಿಕೆ ಇರುವವರಿಗೆ ಒಂದು ಮಾತು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪತ್ರ ಬರೆದವರ ಊಹೆಯನ್ನೂ ಪಡೆದವರ ಅನಿಸಿಕೆಯನ್ನೂ ಹೋಲಿಸಿದರು. ಎದುರಿನವರಿಗೆ ಮುಜುಗರವಾಗುತ್ತದೆ ಅಂತ ಬರೆದವರು ಅಂದುಕೊಂಡಷ್ಟು ಆಗಲೇ ಇಲ್ಲ. ಸಂತೋಷ ಮಾತ್ರ ಅವರ ಎಣಿಕೆಗಿಂತ ಹೆಚ್ಚಾಗಿತ್ತು. ಪದಜೋಡಣೆ ಚೆನ್ನಾಗಿಲ್ಲ ಅನ್ನುವ ಚಿಂತೆ ಬರೆಯುವವರದ್ದೇ ಹೊರತು ಓದುವವರದ್ದಲ್ಲ.

ಗೋಡೆಗಡಿಯಾರ

ಪತ್ರ ಬರೆಯುವಷ್ಟು ಬಿಡುವಿಲ್ಲದವರು ವಾಟ್ಸಾಪಿನಲ್ಲಿ ಬಂದ ಶುಭಾಶಯದ ಚಿತ್ರವನ್ನು ನೂರು ಜನಕ್ಕೆ ದಾಟಿಸುವ ಬದಲು ಮೂವರಿಗೆ ಹೆಸರು ಹಿಡಿದು ಒಂದೊಂದು ಸಾಲು ಕಳಿಸಿ. ಆ ಸಾಲು ಬೇರೆ ಯಾರಿಗೂ ಕಳಿಸಲಾಗದಂತಿರಬೇಕು, ಅದೊಂದೇ ಪರೀಕ್ಷೆ.

ರಾತ್ರಿಪಾಳಿ

ನಿದ್ದೆಯ ಬಗ್ಗೆ ನಾನು ಬರೆಯುತ್ತೇನೆ. ಯಾಕೆಂದರೆ ಎರಡು ರಾತ್ರಿ ನಿದ್ದೆಗೆಟ್ಟವರಿಗೆ ಯಾರ ಒಳ್ಳೆಯತನವೂ ಕಣ್ಣಿಗೆ ಬೀಳುವುದಿಲ್ಲ, ಎಲ್ಲರ ತಪ್ಪೂ ಎದ್ದು ಕಾಣುತ್ತದೆ.

ಮಲಗುವ ಹೊತ್ತು ಹಬ್ಬದಲ್ಲಿ ನಮ್ಮ ಕೈಲಿರುವುದಿಲ್ಲ. ಏಳುವ ಹೊತ್ತು ಇರುತ್ತದೆ. ರಾತ್ರಿ ಎಷ್ಟು ತಡವಾದರೂ ಬೆಳಿಗ್ಗೆ ಏಳುವುದು ಮಾಮೂಲಿ ಸಮಯಕ್ಕಿಂತ ಒಂದು ಗಂಟೆಗಿಂತ ಹೆಚ್ಚು ಮುಂದೆ ಹೋಗದಿರಲಿ. ಎದ್ದ ಕೂಡಲೇ ಹೊರಗಿನ ಬೆಳಕಿಗೆ ಬನ್ನಿ. ಸಾಲದ ನಿದ್ದೆಯನ್ನು ಮಧ್ಯಾಹ್ನ ಮೂರರೊಳಗೆ 20 ನಿಮಿಷದ ತೂಕಡಿಕೆಯಲ್ಲಿ ತುಂಬಿಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ತಲೆ ಭಾರವಾಗುತ್ತೆ, ರಾತ್ರಿಯ ನಿದ್ದೆಯೂ ಮುಂದೆ ಹೋಗುತ್ತೆ.

ಕಾಫಿ-ಟೀಗಳಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. 2013ರ ಪ್ರಯೋಗವೊಂದರಲ್ಲಿ ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಡಿಮೆಯಾಗಿತ್ತು. ಅದು ದೊಡ್ಡ ಪ್ರಮಾಣ, ನಿಜ. ಆದರೆ ನೆಂಟರ ಮನೆ ಸುತ್ತುವ ದಿನ "ಅರ್ಧ ಲೋಟ ತಗೊಳ್ಳಿ" ಅನ್ನುತ್ತಲೇ ಅಷ್ಟಾಗಿಬಿಡುತ್ತದೆ. ಮಧ್ಯಾಹ್ನ ಎರಡಾದ ಮೇಲೆ ಬೇಡ ಅನ್ನುವುದು ಸುಲಭದ ನಿಯಮ.

ಮದ್ಯ ಬೇಗ ನಿದ್ದೆ ತರಿಸುತ್ತೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತೆ. ಒಮ್ಮೆಲೇ ಹೆಚ್ಚು ಕುಡಿದವರಲ್ಲಿ ಎದೆಬಡಿತ ತಾಳ ತಪ್ಪುವುದನ್ನು ವೈದ್ಯರು "ಹಾಲಿಡೇ ಹಾರ್ಟ್" ಅಂತಲೇ ಕರೆಯುತ್ತಾರೆ. 1978ರಲ್ಲಿ ಬಂದ ಹೆಸರು. ರಜೆಯ ದಿನ ಎದೆ ಡವಡವ ಹೊಡೆದುಕೊಂಡು ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ಬೆಳಗಾಗಲಿ ಅಂತ ಕಾಯಬಾರದು.

ಬರವಣಿಗೆಯ ಕ್ರಮವೂ ಮುಖ್ಯ. ಮಲಗುವ ಮುಂಚೆ ಐದು ನಿಮಿಷ ನಾಳೆಯ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು ಅನ್ನುತ್ತೆ 2018ರ ಅಧ್ಯಯನ. 57 ಜನರ ಮೇಲೆ ನಿದ್ರಾ ಪ್ರಯೋಗಾಲಯದಲ್ಲಿ ಮಾಡಿದ್ದು. ಪಟ್ಟಿ ಎಷ್ಟು ನಿಖರವೋ ಅಷ್ಟು ಬೇಗ ನಿದ್ದೆ. ಹಾಗಾಗಿ ಮೊದಲು ನಾಳೆಯ ಪಟ್ಟಿ ("ಎಂಟಕ್ಕೆ ಟಿಕೆಟ್ ನೋಡುವುದು, ಒಂಬತ್ತಕ್ಕೆ ಹಾಸಿಗೆ ಬಿಸಿಲಿಗೆ ಹಾಕುವುದು" ಅನ್ನುವ ಮಟ್ಟಿಗೆ), ಆಮೇಲೆ ಕೃತಜ್ಞತೆಯ ಮೂರು ಸಂಗತಿ. ತಿರುಗಿಸಿದರೆ ಬೆಚ್ಚಗಿನ ಮಾತು ಬರೆದು ದೀಪ ಆರಿಸಿದ ಮೇಲೆ ಮರುದಿನದ ಕೆಲಸಗಳು ಕತ್ತಲಲ್ಲಿ ಸಾಲುಗಟ್ಟುತ್ತವೆ. ಫೋನಿನಲ್ಲಿ ಬರೆಯಬೇಡಿ, ಬರೆಯುವ ನೆಪದಲ್ಲಿ ಬೇರೆ ಏನೋ ತೆರೆದುಕೊಳ್ಳುತ್ತೆ.

ತುತ್ತುಅಳತೆ

ಊಟದ ವಿಷಯದಲ್ಲಿ ಮೊದಲು ಒಂದು ಭಯ ಕಳೆಯೋಣ. ಅಮೆರಿಕದಲ್ಲಿ 195 ಜನರನ್ನು ರಜೆಯ ಹಂಗಾಮಿನುದ್ದಕ್ಕೂ ತೂಗಿ ನೋಡಿದ ಅಧ್ಯಯನ 2000ದಲ್ಲಿ ಬಂತು. ಸರಾಸರಿ ಏರಿದ್ದು 0.37 ಕಿಲೋ ಮಾತ್ರ, ಜನ ತಾವು ಊಹಿಸಿದ್ದು ಅದಕ್ಕಿಂತ ಬಹಳ ಹೆಚ್ಚು. ಆದರೆ ಏರಿದ್ದು ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ, ವರ್ಷವರ್ಷ ಕೂಡುತ್ತಾ ಹೋಗುವುದು ಹೀಗೆ. ಆದ್ದರಿಂದ ಹಬ್ಬದ ಒಂದು ದಿನದ ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹಬ್ಬದ ನಡುವಿನ ಇಪ್ಪತ್ತು ಮಾಮೂಲಿ ದಿನಗಳನ್ನು ಮಾಮೂಲಿಯಾಗಿಯೇ ಇಟ್ಟುಕೊಳ್ಳಿ.

ಔತಣಕ್ಕೆ ಹೊಟ್ಟೆ ಖಾಲಿ ಇರಲಿ ಅಂತ ಬೆಳಗಿನ ತಿಂಡಿ ಬಿಡುವುದು ತಪ್ಪು. ವಿಪರೀತ ಹಸಿದು ಕೂತವರು ಮೊದಲ ಹತ್ತು ನಿಮಿಷದಲ್ಲೇ ಬೇಕಾದಷ್ಟಕ್ಕಿಂತ ಹೆಚ್ಚು ತಿಂದಿರುತ್ತಾರೆ, ಹೊಟ್ಟೆ ತುಂಬಿತು ಅನ್ನುವ ಅರಿವು ಬರುವುದು ತಡವಾಗಿ. ಬೆಳಿಗ್ಗೆ ಮಿತವಾಗಿ ತಿನ್ನಿ, ಔತಣದಲ್ಲಿ ಮೊದಲು ತರಕಾರಿ, ಆಮೇಲೆ ಉಳಿದದ್ದು. ಎರಡನೇ ಸಲ ಬಡಿಸಿಕೊಳ್ಳುವ ಮುನ್ನ ಹದಿನೈದು ನಿಮಿಷ ಮಾತಾಡುತ್ತಾ ಕೂರಿ.

ಊಟವಾದ ಮೇಲೆ ಹತ್ತು ನಿಮಿಷ ನಡಿಗೆ. 2016ರಲ್ಲಿ ಟೈಪ್ 2 ಮಧುಮೇಹವಿರುವವರಲ್ಲಿ ನೋಡಿದಾಗ, ದಿನದ ಯಾವುದೋ ಹೊತ್ತಿನಲ್ಲಿ ಒಟ್ಟಿಗೆ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ 12 ಶೇಕಡಾ ಕಡಿಮೆ ಇತ್ತು. ರಾತ್ರಿಯ ಊಟದ ಬಳಿಕ ಆ ವ್ಯತ್ಯಾಸ ಇನ್ನೂ ಹೆಚ್ಚು. ಕಾರಣ ಸರಳ: ದುಡಿಯುವ ಕಾಲಿನ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಒಬ್ಬರೇ ಹೋಗಬೇಡಿ, ಆ ದಿನ ಮಾತಾಡಿಸಲಾಗದ ಯಾರನ್ನಾದರೂ ಕರೆದುಕೊಂಡು ಹೋಗಿ. ಸಿಹಿ ತಿಂದೆ ಅಂತ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಸ್ವಂತ ಬುದ್ಧಿಯಿಂದ ಏರಿಸಬಾರದು. ರಜೆಗೆ ಮೊದಲೇ ವೈದ್ಯರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ಉಳಿದ ಅಡುಗೆ ಅತಿ ಹೆಚ್ಚು ಜನರ ಹೊಟ್ಟೆ ಕೆಡಿಸುವುದು. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ. ಅಗಲ ಪಾತ್ರೆಗಳಿಗೆ ಎರಡು ಬೆರಳಿನಷ್ಟು ಆಳಕ್ಕೆ ಹಂಚಿ ಇಡಿ. ಮತ್ತೆ ಬಿಸಿ ಮಾಡುವಾಗ ನಡುವೆಯೂ ಹಬೆಯಾಡಬೇಕು, 70 ಡಿಗ್ರಿ ದಾಟಬೇಕು. ಒಂದೇ ಸಲ, ತಿನ್ನುವಷ್ಟನ್ನೇ ಬಿಸಿ ಮಾಡಿ.

ನೀಲಿಶಾಯಿ

ಬಹಳ ಉಪಯೋಗವಾಯಿತು. ಪ್ರಯಾಣ ಮಾಡುವವರು ಔಷಧಿಗಳ ವಿಷಯದಲ್ಲಿ ಏನು ನೋಡಿಕೊಳ್ಳಬೇಕು? ಮತ್ತೆ ದುಃಖದಲ್ಲಿರುವ ಮನೆಯ ಬಗ್ಗೆ ಯಾರೂ ಹೇಳಲಿಲ್ಲ.

ತುತ್ತುಅಳತೆ

ಹೊರಡುವ ವಾರಕ್ಕೆ ಮೊದಲೇ ಎಣಿಸಿ, ಉಳಿಯುವ ದಿನಕ್ಕಿಂತ ಒಂದು ವಾರ ಹೆಚ್ಚಿಗೆ ತನ್ನಿ. ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಔಷಧಿ ಚೀಟಿಯ ಫೋಟೊ ನಿಮ್ಮ ಫೋನಿನಲ್ಲಿ, ಮನೆಯ ಇನ್ನೊಬ್ಬರ ಫೋನಿನಲ್ಲಿ. ಇನ್ಸುಲಿನ್ ಕಾರಿನೊಳಗೆ ಬಿಸಿಲಿಗೆ ಬಿಟ್ಟರೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ.

ಮೌನದಮಾತು

ದುಃಖದ ಮನೆಯ ಬಗ್ಗೆ. ಯಾರೋ ತೀರಿಕೊಂಡ ನಂತರದ ಮೊದಲ ಹಬ್ಬದಲ್ಲಿ "ಇರುವುದಕ್ಕೆ ಕೃತಜ್ಞರಾಗಿರಿ" ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಅದನ್ನು ಕೇಳಿದವರು ಅಳುವುದನ್ನು ನಿಲ್ಲಿಸುವುದಿಲ್ಲ, ನಿಮ್ಮ ಎದುರು ಅಳುವುದನ್ನು ನಿಲ್ಲಿಸುತ್ತಾರೆ ಅಷ್ಟೇ.

ಅವರಾಗಿ ಬರೆಯಲು ಬಯಸಿದರೆ ಬೇರೆ ವಿಧಾನವಿದೆ. ಒಂದೇ ವಾಕ್ಯದಲ್ಲಿ ಎರಡೂ ಇರಲಿ, ನಡುವೆ "ಆದರೆ" ಬೇಡ. "ಅಪ್ಪ ಕೂರುತ್ತಿದ್ದ ಕುರ್ಚಿ ಕಡೆ ನೋಡಲು ಆಗಲಿಲ್ಲ, ತಮ್ಮ ಏನೂ ಹೇಳದೆ ಪಕ್ಕದಲ್ಲಿ ಬಂದು ಕೂತ." "ಆದರೆ" ಹಾಕಿದರೆ ಎರಡನೆಯದು ಮೊದಲನೆಯದನ್ನು ಅಳಿಸಲು ಹೊರಡುತ್ತದೆ. ಇನ್ನೊಂದು, ಹೋದವರಿಗೇ ಪತ್ರ. ಅವರಿಂದ ಕಲಿತು ಈಗಲೂ ಕೈಯಲ್ಲಿರುವ ಒಂದು ಕೆಲಸದ ಬಗ್ಗೆ ಮಾತ್ರ ಬರೆಯಿರಿ. ಕಳುಹಿಸದ ಪತ್ರಕ್ಕೂ ಬೆಲೆಯಿದೆ. ಆಪ್ತಸಲಹೆಗೆ ಬಂದ ಸುಮಾರು 300 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನವರು ಪತ್ರ ಕಳುಹಿಸಲೇ ಇಲ್ಲ, ಆದರೂ ಅವರಿಗೆ ಉಪಯೋಗವಾಯಿತು. ಅದೂ ತಕ್ಷಣ ಅಲ್ಲ, ನಾಲ್ಕು ವಾರದ ನಂತರ ಕಂಡು, ಹನ್ನೆರಡು ವಾರಕ್ಕೆ ಇನ್ನೂ ಸ್ಪಷ್ಟವಾಯಿತು.

ಹಬ್ಬದ ದಿನ ಹೊರಗೆ ಹೋಗಬೇಕಾದರೆ ಮೊದಲೇ ಒಬ್ಬರಿಗೆ ಹೇಳಿಟ್ಟಿರಿ: ಒಂದು ಗಂಟೆ ಇರುತ್ತೇವೆ, ಎದ್ದು ಹೊರಟರೆ ಯಾಕೆ ಅಂತ ಯಾರೂ ಕೇಳಬಾರದು.

ಯಾವಾಗ ನಿಲ್ಲಿಸಬೇಕು ಅಂತ ಶೀರ್ಷಿಕೆಯಲ್ಲೇ ಕೇಳಿದ್ದೀರಿ. ಬರೆದು ಮುಗಿಸಿದ ಮೇಲೆ "ಇಷ್ಟೆಲ್ಲ ಇದ್ದೂ ನನಗೆ ಸಂತೋಷವಿಲ್ಲವಲ್ಲ, ನಾನೇ ಸರಿಯಿಲ್ಲ" ಅನ್ನಿಸುವುದು ಮೂರು ಸಲ ಮರುಕಳಿಸಿದರೆ ಪುಸ್ತಕ ಮುಚ್ಚಿ. ನಿಮ್ಮನ್ನು ಹೊಡೆಯುವ, ಹೀಯಾಳಿಸುವ ವ್ಯಕ್ತಿಯಲ್ಲಿ ಒಳ್ಳೆಯದನ್ನು ಹುಡುಕಿ ಬರೆಯಲು ಯಾರಾದರೂ ಹೇಳಿದರೆ ಬರೆಯಬೇಡಿ. ಅಲ್ಲಿ ಬೇಕಾದದ್ದು ರಕ್ಷಣೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಹೊತ್ತು ಮನಸ್ಸು ಕುಗ್ಗಿ, ನಿದ್ದೆ-ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಅದೇ ದಿನ, ಆ ಗಳಿಗೆಯೇ ಯಾರಿಗಾದರೂ ಹೇಳಿ, ತುರ್ತು ಚಿಕಿತ್ಸೆಗೆ ಹೋಗಿ. ಜೊತೆಗಿದ್ದವರು ಅವರನ್ನು ಒಂಟಿಯಾಗಿ ಬಿಡಬೇಡಿ.

ಒರೆಗಲ್ಲು

ಇದೇ ಜಾಗದಲ್ಲಿ ಒಂದು ಮಾತು ಸೇರಿಸಬೇಕು. 27 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2021ರ ವಿಶ್ಲೇಷಣೆ ಪ್ರಕಾರ ಖಿನ್ನತೆ ಮತ್ತು ಆತಂಕದ ಮೇಲೆ ಕೃತಜ್ಞತೆಯ ಅಭ್ಯಾಸಗಳ ಪರಿಣಾಮ ಚಿಕ್ಕದು. ಚಿಕಿತ್ಸೆ ನಡೆಯುತ್ತಿರುವವರು ಇದನ್ನು ನಂಬಿ ಮಾತ್ರೆ ಬಿಡಬಾರದು. ಇಲ್ಲಿ ಉಲ್ಲೇಖಿಸಿದ ಪ್ರಯೋಗಗಳಲ್ಲಿ ಕೆಲವು, ಕೃತಜ್ಞತೆ ಬರೆದವರನ್ನು ಕಿರಿಕಿರಿ ಬರೆದವರ ಜೊತೆ ಹೋಲಿಸಿವೆ. ಕಿರಿಕಿರಿ ಬರೆದವರ ಮನಸ್ಸು ಆ ಕೆಲಸದಿಂದಲೇ ಕುಗ್ಗಿರಬಹುದಾದ್ದರಿಂದ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಮನೋವಿಚಾರ

ಒಪ್ಪುತ್ತೇನೆ. ಆರೋಗ್ಯವಂತರ ಸಾಮಾನ್ಯ ದಿನಗಳಿಗೆ ಇದು ಚಿಕ್ಕ, ಖರ್ಚಿಲ್ಲದ ಸಹಾಯ. ನನಗೆ ಇದರಲ್ಲಿ ನಂಬಿಕೆ ಇರುವುದು ಸಂಬಂಧಗಳ ಕಾರಣಕ್ಕೆ, ಕಾಯಿಲೆ ವಾಸಿಮಾಡುತ್ತೆ ಅಂತಲ್ಲ.

ಒಲೆಮುಂದೆ

ಸಂಬಂಧ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಇಷ್ಟು ಹೊತ್ತು ಎಲ್ಲರೂ ಬರೆಯುವುದರ ಬಗ್ಗೆಯೇ ಹೇಳಿದಿರಿ. ಹಬ್ಬದ ದಿನ ಬೆಳಿಗ್ಗೆಯಿಂದ ನಿಂತೇ ಇರುವವರಿಗೆ ಸಂಜೆ ಯಾರೋ "ನಿಮ್ಮಿಂದಲೇ ಇದೆಲ್ಲ" ಅಂದರೆ ಅದು ಎಷ್ಟು ನಿಜವಾಗಿದ್ದರೂ ಕಾಲು ನೋವು ಹಾಗೇ ಇರುತ್ತದೆ. ಕೆಲಸ ಹಂಚಿಕೊಳ್ಳದೆ ಹೇಳುವ ವಂದನೆ ಎರಡು-ಮೂರು ವರ್ಷದಲ್ಲಿ ಕಹಿಯಾಗುತ್ತದೆ. ಹಾಗಾಗಿ ಮೊದಲು ಹಂಚಿಕೆ, ಆಮೇಲೆ ವಂದನೆ.

ಮಾಡುವ ರೀತಿ: ಹಬ್ಬಕ್ಕೆ ಹತ್ತು ದಿನ ಮೊದಲು ಮನೆಯವರೆಲ್ಲ ಅರ್ಧ ಗಂಟೆ ಕೂತು ಎಲ್ಲ ಕೆಲಸವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಕಣ್ಣಿಗೆ ಕಾಣುವವು (ಅಡುಗೆ, ಗುಡಿಸುವುದು, ಸಾಮಾನು ತರುವುದು) ಎಲ್ಲರಿಗೂ ಹೊಳೆಯುತ್ತವೆ. ಕಾಣದವನ್ನು ಸೇರಿಸಿ: ಯಾರಿಗೆ ಯಾವುದು ಆಗುವುದಿಲ್ಲ ಅಂತ ನೆನಪಿಡುವುದು, ಬರುವವರಿಗೆ ಫೋನ್ ಮಾಡುವುದು, ಹಾಸಿಗೆ-ಹೊದಿಕೆ ಎಣಿಸುವುದು, ಅಜ್ಜಿಯ ಮಾತ್ರೆಯ ಹೊತ್ತು, ಉಡುಗೊರೆ ಯೋಚಿಸುವುದು, ಕಸ ಹೊರಗಿಡುವುದು. ಎಲ್ಲ ಬರೆದ ಮೇಲೆ ಪ್ರತಿಯೊಂದರ ಮುಂದೆ ಈಗ ಯಾರು ಮಾಡುತ್ತಿದ್ದಾರೋ ಅವರ ಹೆಸರು. ಬಹುತೇಕ ಮನೆಗಳಲ್ಲಿ ಒಂದೇ ಹೆಸರು ಹಾಳೆಯ ಉದ್ದಕ್ಕೂ ಬರುತ್ತೆ, ಅದನ್ನು ಎಲ್ಲರೂ ಸುಮ್ಮನೆ ಒಂದು ನಿಮಿಷ ನೋಡಲಿ.

ಆಮೇಲೆ ಹಂಚುವಾಗ ಕೆಲಸವನ್ನು ಪೂರ್ತಿಯಾಗಿ ಕೊಡಿ. "ಸಾಮಾನು ತರುತ್ತೇನೆ, ಪಟ್ಟಿ ನೀನು ಮಾಡಿಕೊಡು" ಅಂದರೆ ಯೋಚನೆಯ ಭಾರ ಅವರ ಮೇಲೇ ಉಳಿಯಿತು. ಏನೇನು ಮುಗಿದಿದೆ ಅಂತ ನೋಡುವುದು, ಪಟ್ಟಿ, ತರುವುದು, ಜಾಗಕ್ಕಿಡುವುದು ಎಲ್ಲ ಒಬ್ಬರದ್ದೇ. ಹೊಸದಾಗಿ ವಹಿಸಿಕೊಂಡವರು ತಪ್ಪಾಗಿ ಮಾಡಿದರೆ ಅಡ್ಡ ಬರಬೇಡಿ, ತಿದ್ದಲು ಹೋದರೆ ಕೆಲಸ ಹಿಂದಕ್ಕೆ ಬರುತ್ತೆ. ಕೆಲವನ್ನು ಹಾಳೆಯಿಂದಲೇ ಹೊಡೆದುಹಾಕಿ. ಹತ್ತು ಬಗೆ ಮಾಡುವಲ್ಲಿ ಆರು ಸಾಕು. ಬಡಿಸುವವರು ಕೊನೆಗೆ ಒಬ್ಬರೇ ಕೂತು ಉಣ್ಣುವ ಪದ್ಧತಿ ಬಿಟ್ಟು ಒಂದು ಪಂಕ್ತಿಯಾದರೂ ಎಲ್ಲರೂ ಒಟ್ಟಿಗೆ ಕೂರಿ, ಬೇಕಾದವರು ತಾವೇ ಬಡಿಸಿಕೊಳ್ಳಲಿ.

ವಂದನೆ ಹೇಳುವಾಗ ಕೆಲಸದ ಹೆಸರು ಹೇಳಿ. "ಅತ್ತೆ, ಚಿಕ್ಕಪ್ಪನಿಗೆ ಉಪ್ಪು ಕಡಿಮೆ ಇರಲಿ ಅಂತ ನೀವು ಬೇರೆ ತೆಗೆದಿಟ್ಟಿದ್ದನ್ನು ನೋಡಿದೆ." ಇಷ್ಟೇ. "ನೋಡಿದೆ" ಅನ್ನುವುದು ಅವರಿಗೆ ತಲುಪಬೇಕು.

ತಾಳೆಗರಿ

ಒಲೆಮುಂದೆ ಅವರ ಹಾಳೆಯನ್ನು ಮುಂದಿನ ವರ್ಷಕ್ಕೆ ಎತ್ತಿಡಿ. ಎರಡನೇ ಸಲ ಹತ್ತು ನಿಮಿಷದ ಕೆಲಸವಾಗುತ್ತದೆ.

ಚಿಣ್ಣರಗುರು

ಮಕ್ಕಳಿಗೆ "ಥ್ಯಾಂಕ್ಸ್ ಹೇಳು" ಅಂತ ನೆಂಟರ ಎದುರು ಬೆನ್ನು ತಟ್ಟಿದರೆ ಹೇಳುತ್ತವೆ, ಅದು ಶಿಷ್ಟಾಚಾರ. ಕೃತಜ್ಞತೆ ಬೆಳೆಯುವುದು ಆಮೇಲೆ ಮನೆಯಲ್ಲಿ ಕೇಳುವ ಪ್ರಶ್ನೆಗಳಿಂದ. ಉಡುಗೊರೆ ಬಿಚ್ಚಿದ ದಿನ ರಾತ್ರಿ ಮಲಗಿಸುವಾಗ ನಿಧಾನವಾಗಿ ಕೇಳಿ: ಇದನ್ನು ಯಾರು ಕೊಟ್ಟರು? ನಿನಗೆ ಇದು ಇಷ್ಟ ಅಂತ ಅವರಿಗೆ ಹೇಗೆ ಗೊತ್ತಾಗಿರಬಹುದು? ಸಿಕ್ಕಾಗ ಒಳಗೆ ಹೇಗನ್ನಿಸಿತು? ಆ ಖುಷಿಗೆ ನಾಳೆ ನಾವು ಏನು ಮಾಡೋಣ? ಎರಡನೇ ಪ್ರಶ್ನೆಗೆ ಐದಾರು ವರ್ಷದವರು ತಡಕಾಡುತ್ತಾರೆ, ಇನ್ನೊಬ್ಬರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಆ ವಯಸ್ಸಿಗೆ ಆಗ ತಾನೇ ತಿಳಿಯುತ್ತಿರುತ್ತದೆ. ಉತ್ತರ ನೀವೇ ಹೇಳಿಕೊಡಬೇಡಿ, ಬಿಡಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ.

ಹನ್ನೊಂದರಿಂದ ಹದಿಮೂರು ವರ್ಷದವರಲ್ಲಿ ಎರಡು ವಾರ ದಿನಾ ಬರೆಸಿ ನೋಡಿದ 2008ರ ಅಧ್ಯಯನದಲ್ಲಿ ಉಪಯೋಗ ಕಂಡಿದೆ, ಶಾಲೆಯ ಬಗ್ಗೆಯೂ ಸಮಾಧಾನ ಹೆಚ್ಚಿತ್ತು. ಆದರೆ ಈ ವಯಸ್ಸಿನವರ ಪುಸ್ತಕವನ್ನು ದೊಡ್ಡವರು ತೆರೆದು ಓದಬಾರದು. ಒಮ್ಮೆ ಓದಿದಿರಿ ಅಂತ ಗೊತ್ತಾದರೆ ಅಂದಿನಿಂದ ನಿಮಗೆ ಹಿತವಾಗುವುದನ್ನೇ ಬರೆಯುತ್ತಾರೆ.

ನೀಲಿಶಾಯಿ

ಕೊನೆಯದಾಗಿ ಒಂದು. ಕೈ ನಡುಗುವ, ಕಣ್ಣು ಮಂಜಾದ ಹಿರಿಯರು ಬರೆಯಲಾರರು. ಅವರಿಗೆ?

ಹಳೇಅಂಚೆ

ಹೇಳಿಸಿ, ನೀವು ಬರೆದುಕೊಳ್ಳಿ. "ಏನಕ್ಕೆ ಕೃತಜ್ಞತೆ" ಅಂತ ಕೇಳಿದರೆ ಬಹಳ ಹಿರಿಯರು "ಎಲ್ಲಾ ದೇವರ ದಯೆ" ಅಂದು ಮುಗಿಸುತ್ತಾರೆ. ಅದರ ಬದಲು "ಅಜ್ಜ, ನಿಮಗೆ ಮೊದಲ ಕೆಲಸ ಕೊಡಿಸಿದವರು ಯಾರು?" ಅಂತ ಹೆಸರು ಸಿಗುವ ಪ್ರಶ್ನೆ ಕೇಳಿ. ಅವರ ಮಾತು ಅವರದ್ದೇ ಧಾಟಿಯಲ್ಲಿರಲಿ, ತಿದ್ದಬೇಡಿ. ಆ ವ್ಯಕ್ತಿಯೋ ಅವರ ಮಕ್ಕಳೋ ಇದ್ದರೆ ಫೋನ್ ಹಚ್ಚಿಕೊಟ್ಟು ಮಾತಾಡಿಸಿ. ಕಿವಿ ಮಂದವಿದ್ದರೆ ಸ್ಪೀಕರ್ ಹಾಕಿ, ಟಿವಿ ಆರಿಸಿ, ಮನೆಯಲ್ಲಿ ಗದ್ದಲವಿಲ್ಲದ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಹದಿನೈದು ನಿಮಿಷಕ್ಕೆ ದಣಿಯುತ್ತಾರೆ, ಉಳಿದದ್ದನ್ನು ಇನ್ನೊಂದು ದಿನ ಕೇಳಿ.